ಮಲೆನಾಡಿನಲ್ಲಿ ಬೈಸಿಕಲ್ ಸಂಚಾರ

ಶೃಂಗೇರಿಯಿಂದ ಕೊಪ್ಪದ ಮಾರ್ಗವಾಗಿ ನರಸಿಂಹರಾಜಪುರಕ್ಕೆ ಬೈಸಿಕಲ್ಲಿನಲ್ಲಿ ಹೊರಡುವವರು ಭೂಪಟದ ಮೇಲೆ ದಾರ ಹಿಡಿದು ಮೈಲಿಗಳನ್ನೆಣಿಸಿದರೆ ಮೋಸಹೋಗುವರು. ಮೊದಲು ನದಿಗಳನ್ನು ನೋಡಬೇಕು. ಶೃಂಗೇರಿಯು ತುಂಗೆಯ ದಡದಲ್ಲಿದೆ. ನರಸಿಂಹರಾಜಪುರವು ಭದ್ರೆಯ ಕಡೆಯದು. ನಡುವಣ ಏರುನೆಲದಲ್ಲಿರುವುದು ಕೊಪ್ಪ. ಹಾಗೆಂದು ಮೊದಲರ್ಧ ಏರು, ಉಳಿದರ್ಧ ಇಳಿಜಾರು ಎಂದು ಭಾವಿಸಲಾಗದು. ಒಂದೊಂದು ಹಳ್ಳಕ್ಕೂ ಇಳಿದು ಮತ್ತೆ ಹತ್ತಬೇಕು. ಏರಿನಲ್ಲಿ ಗಾಡಿಯನ್ನು ತಳ್ಳಿಕೊಂಡು ನಡೆಯುವುದಕ್ಕೆ ನಾಚಬೇಕಾದುದಿಲ್ಲ. ಅಪಾಯವಿರುವುದು ಇಳಿತದಲ್ಲಿ: ತಿರುವಿನಲ್ಲಿ ಒದ್ದೆ ತರಗೆಲೆ, ಎದುರಿಗೆ ಬಸ್ಸು. ಬ್ರೇಕಿನ ರಬ್ಬರು ಸವೆದಿದ್ದರೆ ಊರಿನಲ್ಲಿಯೇ ಬದಲಾಯಿಸಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಈ ಪ್ರಯಾಣವೇ ಬೇಡ. ಡಿಸೆಂಬರ್ ಹಿತವಾದುದು, ಆದರೆ ಹಗಲು ಚಿಕ್ಕದು. ಹಿಂದೆ ನರಸಿಂಹರಾಜಪುರದಿಂದ ತರೀಕೆರೆಗೆ ಪುಟ್ಟ ರೈಲೊಂದು ಓಡುತ್ತಿದ್ದಿತು. ದಣಿದವನಿಗೆ ಈಗ ಆ ಆಸರೆಯೂ ಇಲ್ಲ. ಮಧ್ಯಾಹ್ನದೊಳಗೆ ಕೊಪ್ಪವನ್ನು ಸೇರದಿದ್ದಲ್ಲಿ ಆ ರಾತ್ರಿ ಅಲ್ಲಿಯೇ ತಂಗಿರಿ.