ಚಕ್ರದೊಳಗಿನ ಭಾರ

ಎಂಜಿನ್ನಿನ ಬಲವಿಲ್ಲದೆ, ಮೇಲೇರುವ ಗಾಳಿಯನ್ನು ಹುಡುಕಿಕೊಂಡು ಹದ್ದಿನಂತೆ ತೇಲುವ ವಿಮಾನಕ್ಕೆ ಗ್ಲೈಡರ್ ಎಂದು ಹೆಸರು. ನೆಲದ ಮೇಲೆ ಓಡಲು ಸಾಮಾನ್ಯವಾಗಿ ಅದಕ್ಕೆ ಹೊಟ್ಟೆಯಡಿಯಲ್ಲೊಂದು ದೊಡ್ಡ ಚಕ್ರ, ಬಾಲದಲ್ಲೊಂದು ಸಣ್ಣ ಚಕ್ರ ಇರುತ್ತವೆ. ಗಾಳಿ ಕೈಕೊಟ್ಟಾಗ ಅದು ಯಾರದೋ ಹೊಲದಲ್ಲಿ ಇಳಿಯಬೇಕಾಗುವುದೂ ಉಂಟು. ಅಲ್ಲಿ ಮುಳ್ಳು ಚುಚ್ಚಿದರೆ? ಟೈರಿನೊಳಗೆ ಗಟ್ಟಿ ರಬ್ಬರು ತುಂಬಿದರೆ ಪಂಕ್ಚರಿನ ಕಾಟ ತಪ್ಪೀತು, ನೀರು ತುಂಬಿದರೆ ಬೇಕಾದ ಭಾರ ಒದಗೀತು ಎಂಬ ಯೋಚನೆ ಬರುವುದು ಸಹಜವೇ.

ಟ್ರಾಕ್ಟರಿಗೆ ಇದು ಸಲ್ಲುತ್ತದೆ. ಅದರ ಹಿಂದಿನ ಟೈರುಗಳಲ್ಲಿ ಮುಕ್ಕಾಲು ಪಾಲು ನೀರು ತುಂಬುವ ವಾಡಿಕೆಯಿದೆ. ನೆಲವನ್ನು ಒತ್ತಿ ಹಿಡಿದು ನೇಗಿಲನ್ನೆಳೆಯಲು ಆ ಭಾರ ಬೇಕು. ಗ್ಲೈಡರಿನ ಚಕ್ರವಾದರೋ ಏನನ್ನೂ ಎಳೆಯುವುದಿಲ್ಲ. ಇಳಿಯುವಾಗಿನ ಪೆಟ್ಟನ್ನು ತಾಳುವುದೇ ಅದರ ಮುಖ್ಯ ಕೆಲಸ. ಡನ್‌ಲಪ್ ಎಂಬಾತ 1888ರಲ್ಲಿ ಪೇಟೆಂಟು ಪಡೆದ ಗಾಳಿಯ ಟೈರು ಹುಟ್ಟಿದ್ದು ಮಗನ ತ್ರಿಚಕ್ರಿಯ ಕುಲುಕಾಟ ತಪ್ಪಿಸಲೆಂದೇ. ಗಾಳಿ ಕುಗ್ಗಿ ಹಿಗ್ಗುತ್ತದೆ. ಗಟ್ಟಿ ಟೈರು ಪೆಟ್ಟನ್ನು ನೇರವಾಗಿ ವಿಮಾನದ ಮೈಗೂ ಚಾಲಕನ ಬೆನ್ನುಮೂಳೆಗೂ ದಾಟಿಸುತ್ತದೆ.

ಭಾರದ ಮಾತು ಇನ್ನೂ ಸೂಕ್ಷ್ಮವಾದುದು. ಗಾಡಿ ಹೊಡೆಯುವ ರೈತನನ್ನು ಕೇಳಿ. ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಗ್ಲೈಡರಿಗೂ ಇದೇ ನ್ಯಾಯ. ಬಾಲದ ಚಕ್ರ ಗುರುತ್ವಕೇಂದ್ರದಿಂದ 4 ಮೀಟರು ಹಿಂದಿದೆಯೆನ್ನೋಣ. ಅಲ್ಲಿ ಒಂದೂವರೆ ಕಿಲೋ ಹೆಚ್ಚಿಸಿದರೆ, ಒಂದೂವರೆ ಮೀಟರು ಮುಂದೆ 4 ಕಿಲೋ ಸೀಸವಿಟ್ಟಾಗಲೇ ತಕ್ಕಡಿ ಸಮ. ಇಡದೆ ಹೋದರೆ ವಿಮಾನ ಸ್ಥಿರತೆ ಕಳೆದುಕೊಳ್ಳುತ್ತದೆ. ಗಿರಕಿ ಹೊಡೆಯತೊಡಗಿದರೆ ಅದರಿಂದ ಪಾರಾಗುವುದು ಕಷ್ಟ. ಚಾಲಕನ ಜಾಗದಲ್ಲಿ ಕನಿಷ್ಠ ಇಷ್ಟು ಭಾರವಿರಲೇಬೇಕೆಂದು ಗ್ಲೈಡರಿನೊಳಗೆ ಬರೆದಿರುವುದು ಇದಕ್ಕಾಗಿಯೇ. ಎಷ್ಟೋ ಗ್ಲೈಡರುಗಳಲ್ಲಿ ಅದು 70 ಕಿಲೋದ ಆಸುಪಾಸು. ತೆಳ್ಳಗಿನ ಚಾಲಕ ಮುಂಭಾಗದಲ್ಲಿ ಸೀಸದ ಬಿಲ್ಲೆಗಳನ್ನು ಬಿಗಿದುಕೊಳ್ಳುತ್ತಾನೆ. ಹೊಟ್ಟೆಯ ಚಕ್ರ ಗುರುತ್ವಕೇಂದ್ರದ ಹತ್ತಿರವೇ ಇರುವುದರಿಂದ, ಅದರೊಳಗೆ ಭಾರ ತುಂಬಿ ಈ ಕೊರತೆಯನ್ನು ನೀಗಲಾಗದು.

ವೇಗಕ್ಕಾಗಿ ಭಾರ ಬೇಕಾದರೆ ರೆಕ್ಕೆಗಳೊಳಗೆ ನೀರು ತುಂಬುವ ಏರ್ಪಾಡುಂಟು. ಇಳಿಯುವ ಮುನ್ನ ಅದನ್ನು ಆಕಾಶದಲ್ಲೇ ಸುರಿದುಬಿಡಬಹುದು. ಚಕ್ರದೊಳಗಿನ ಭಾರವನ್ನು ಹಾಗೆ ಇಳಿಸಲಾದೀತೆ?

ಆದ್ದರಿಂದ ಟೈರಿನಲ್ಲಿ ಹೇಳಿದಷ್ಟು ಗಾಳಿ, ಹಳತಾದಾಗ ಹೊಸ ಟ್ಯೂಬು, ಹಾರುವ ಮೊದಲು ಮುಳ್ಳು ಹುಡುಕುವ ಒಂದು ನೋಟ, ಇಷ್ಟೇ ಸರಿಯಾದ ಮದ್ದು. ಚಕ್ರವನ್ನೇ ಬದಲಿಸಬೇಕಾದರೆ ತಯಾರಕರ ಒಪ್ಪಿಗೆ ಪಡೆದು, ವಿಮಾನವನ್ನು ಮತ್ತೆ ತೂಗಿಸಬೇಕು. ನೆಲದಲ್ಲಿ ಚಕ್ರದ ಗಾಳಿ ಹೋದರೆ ಒಂದು ದಿನದ ಹಾರಾಟ ಹೋದೀತು. ಆಕಾಶದಲ್ಲಿ ತೂಕ ತಪ್ಪಿದರೆ ಹೋಗುವುದು ಜೀವ.