ಕಡಲಾಚೆಯ ಪರೀಕ್ಷೆ, ಮನೆಯೊಳಗಿನ ಮಾತು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಈ ವೇದಿಕೆಯ ಮೇಲೆ ನಿಂತು ಇಂಗ್ಲಿಷ್ ಪರೀಕ್ಷೆಯ ಮಾತು ಎತ್ತುವುದು ಮದುವೆಮನೆಯಲ್ಲಿ ಸಾಲದ ಮಾತು ತೆಗೆದಂತೆ. ಕಾರ್ಯಕಾರೀ ಸಮಿತಿಯಲ್ಲಿಯೂ ಹೀಗೆಂದವರಿದ್ದರು. ಆದರೆ ಕಳೆದ ಆರು ವರ್ಷಗಳಿಂದ ನಾವು ಮೂವರು, ಅಂದರೆ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ತಾಯಿಯೊಬ್ಬರು, ಹಡಗಿನ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಂಡಿದ್ದವರೊಬ್ಬರು, ಭಾನುವಾರ ಬೆಳಗ್ಗೆ ಸಂಘದ ವಾಚನಾಲಯದ ಪಕ್ಕದ ಕೋಣೆಯಲ್ಲಿ ಕುಳಿತು, ಪರದೇಶಕ್ಕೆ ಓದಲು ಹೊರಟ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತ ಬಂದಿದ್ದೇವೆ. ಅಲ್ಲಿ ಕಂಡದ್ದು ಇಂದಿನ ದಿನಕ್ಕೆ ಸಂಬಂಧಪಟ್ಟದ್ದೇ ಎಂದು ನಮಗೆ ತೋರಿತು. ನಮ್ಮದೇ ಒಂದು ತಪ್ಪನ್ನು ತಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುವುದೂ ಇದೆ. ಮೂವರ ಪರವಾಗಿ ಈ ನಾಲ್ಕು ಮಾತು.

ಪರಭಾಷೆಯವರಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಒಡ್ಡುವುದು ಇಂದು ನಿನ್ನೆಯದಲ್ಲ. ಕೇಂಬ್ರಿಜ್‌ನವರು 1913ರಲ್ಲಿ ಇಂಥದೊಂದನ್ನು ಮೊದಲ ಸಲ ನಡೆಸಿದಾಗ ಕುಳಿತವರು ಮೂರೇ ಜನ. ಪರೀಕ್ಷೆ ಹನ್ನೆರಡು ಗಂಟೆಯದು. ತೇರ್ಗಡೆಯಾದವರು ಒಬ್ಬರೂ ಇಲ್ಲ! ನಮ್ಮ ಮಕ್ಕಳು ಎದೆಗುಂದಿದಾಗ ಈ ಕಥೆ ಹೇಳುತ್ತೇವೆ, ನಗುತ್ತಾರೆ. ಆ ಪರೀಕ್ಷೆಯಲ್ಲಿ ಫ್ರೆಂಚ್ ಅಥವಾ ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಆ ಭಾಷೆಗೆ ಅನುವಾದಿಸುವ ಪತ್ರಿಕೆಗಳೂ ಇದ್ದವು. ಕುಳಿತವನಿಗೆ ಇನ್ನೊಂದು ಭಾಷೆ ಬರುತ್ತದೆ ಎಂಬುದನ್ನು ಪರೀಕ್ಷಕರು ಮರೆತಿರಲಿಲ್ಲ. ಮುಂದೆ ಅಮೆರಿಕದ ಟೋಫೆಲ್ 1964ರಲ್ಲಿ ಬಂತು. ಐಇಎಲ್‌ಟಿಎಸ್, ಮಕ್ಕಳ ಬಾಯಲ್ಲಿ ಐಯೆಲ್ಟ್ಸ್, 1989ರಲ್ಲಿ ಬಂತು. ನಮ್ಮ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಕೂರುವುದು ಈ ಕೊನೆಯದಕ್ಕೆ. ಆದ್ದರಿಂದ ಅದರ ಮಾತನ್ನೇ ಹೇಳುತ್ತೇವೆ.

ಇದಕ್ಕೆ ನಾಲ್ಕು ಅಂಗಗಳು: ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು. ಒಂದೊಂದಕ್ಕೂ ಸೊನ್ನೆಯಿಂದ 9ರವರೆಗೆ ಶ್ರೇಣಿ. ನಡುವೆ ಅರ್ಧರ್ಧವೂ ಉಂಟು. ನಾಲ್ಕರ ಸರಾಸರಿಯೇ ಒಟ್ಟು ಶ್ರೇಣಿ. ಆದರೆ ಅನೇಕ ವಿಶ್ವವಿದ್ಯಾಲಯಗಳು ಒಟ್ಟು 6.5 ಬೇಕೆನ್ನುವುದಷ್ಟೇ ಅಲ್ಲ, ಯಾವೊಂದು ಅಂಗದಲ್ಲಿಯೂ 6ಕ್ಕೆ ಕಡಿಮೆ ಇರಕೂಡದು ಎಂದೂ ಹೇಳುತ್ತವೆ. ಈ ಎರಡನೆಯ ಸಾಲನ್ನು ಓದದೆ ಮೋಸಹೋದ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಒಂದು ಸಲ ಕೂರಲು 15,000 ರೂಪಾಯಿಗೂ ಮೀರಿದ ಶುಲ್ಕ; ಫಲಿತಾಂಶಕ್ಕೆ ಎರಡೇ ವರ್ಷದ ಆಯುಸ್ಸು. ಹೋಗುವ ವಿದ್ಯಾಲಯದ ಷರತ್ತನ್ನು ಮೊದಲು ಪೂರ್ತಿ ಓದಿ, ಆಮೇಲೆ ಹಣ ಕಟ್ಟಿ. ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೆ ಕಾಲೇಜಿನ ಪ್ರಮಾಣಪತ್ರವನ್ನೇ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ. ವೀಸಾದ ನಿಯಮ ಬೇರೆ ಇರಬಹುದು, ಅದನ್ನೂ ನೋಡಿ.

ಕೇಳುವ ಪರೀಕ್ಷೆ ಸುಮಾರು ಅರ್ಧ ಗಂಟೆಯದು, 40 ಪ್ರಶ್ನೆ. ಧ್ವನಿಮುದ್ರಿಕೆಯನ್ನು ಒಂದೇ ಸಲ ಹಾಕುತ್ತಾರೆ. ಇಲ್ಲಿ ನಮ್ಮ ಮಕ್ಕಳು ಎಡವುವ ಜಾಗ ವಿಚಿತ್ರವಾದದ್ದು. ಕನ್ನಡದಲ್ಲಿ ನಾವು 'ಎರಡು ಪುಸ್ತಕ', 'ಹತ್ತು ರೂಪಾಯಿ' ಎನ್ನುತ್ತೇವೆ. ಎರಡು, ಹತ್ತು ಎಂದಮೇಲೆ ಬಹುವಚನ ತಾನಾಗಿಯೇ ತಿಳಿಯಿತು, 'ಗಳು' ಬೇಕಿಲ್ಲ. ಇಂಗ್ಲಿಷಿನವರಿಗೆ ಬೇಕು. ಪದದ ತುದಿಯ ಆ ಸಣ್ಣ 'ಎಸ್' ಸದ್ದಿಗೆ ನಮ್ಮ ಕಿವಿ ಕಾಯುವುದಿಲ್ಲ. ಬರೆಯದೆ ಬಿಟ್ಟರೆ ಅಂಕವಿಲ್ಲ. 'ಎರಡು ಪದಕ್ಕೆ ಮೀರಕೂಡದು' ಎಂದಲ್ಲಿ ಮೂರು ಬರೆದರೂ ಇಲ್ಲ; ಕಾಗುಣಿತ ತಪ್ಪಿದರೂ ಇಲ್ಲ. ಡೊಂಬಿವಲಿಯಿಂದ ಬರುವ ಒಬ್ಬ ಹುಡುಗ ಲೋಕಲ್ ಗಾಡಿಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಇಂಗ್ಲಿಷ್ ಸುದ್ದಿ ಕೇಳುತ್ತ, ಬಹುವಚನ ಬಂದಾಗಲೆಲ್ಲ ಬೆರಳು ಮಡಿಸುತ್ತಿದ್ದ. ಎದುರಿಗೆ ಕೂತವರು ಜಪ ಮಾಡುತ್ತಿದ್ದಾನೆಂದು ತಿಳಿದಿರಬೇಕು. ಆ ಜಪ ಫಲಿಸಿತು.

ಓದುವ ಪರೀಕ್ಷೆ 60 ನಿಮಿಷ, ಅಲ್ಲಿಯೂ 40 ಪ್ರಶ್ನೆ. ಅದರಲ್ಲಿ ಒಂದು ಬಗೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಒಂದು ಹೇಳಿಕೆ ಕೊಟ್ಟು, ಓದಿದ ಭಾಗಕ್ಕೆ ಹೋಲಿಸಿ, ಅದು 'ಸರಿ'ಯೋ 'ತಪ್ಪೋ' ಅಥವಾ 'ಹೇಳಿಲ್ಲ'ವೋ ಎಂದು ಕೇಳುತ್ತಾರೆ. ಈ ಮೂರನೆಯದೇ ನಮ್ಮವರ ಕಂಟಕ. 'ಊರಿನ ಗ್ರಂಥಾಲಯ ವಾರಕ್ಕೆ ಎರಡು ದಿನ ಮಾತ್ರ ತೆರೆದಿರುತ್ತದೆ' ಎಂದು ಪಾಠದಲ್ಲಿದೆ ಎನ್ನಿ. 'ಓದುಗರು ಕಡಿಮೆಯಾದ್ದರಿಂದ ಗ್ರಂಥಾಲಯ ಎರಡೇ ದಿನ ತೆರೆದಿರುತ್ತದೆ' ಎಂಬುದು ಹೇಳಿಕೆ. ಹತ್ತರಲ್ಲಿ ಎಂಟು ಮಕ್ಕಳು 'ಸರಿ' ಎಂದು ಗುರುತು ಹಾಕುತ್ತಾರೆ. ಏಕೆಂದರೆ ನಮ್ಮ ವಾಚನಾಲಯದ ಗತಿ ಅವರು ಕಣ್ಣಾರೆ ಕಂಡದ್ದು! ಪಾಠ ಕಾರಣವನ್ನು ಹೇಳಿಲ್ಲ. ನಮಗೆ ಗೊತ್ತಿರುವುದು ಬೇರೆ, ಎದುರಿಗಿರುವ ಕಾಗದ ಹೇಳಿದ್ದು ಬೇರೆ. ಬುದ್ಧಿವಂತ ಹುಡುಗರೇ ಇಲ್ಲಿ ಹೆಚ್ಚು ತಪ್ಪುತ್ತಾರೆ.

ಈ ತೊಡಕು ಬಿಡಿಸಲು ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ವಿವರಿಸಿದರೂ ಆಗಲಿಲ್ಲ. ಒಂದು ದಿನ ಕನ್ನಡ ದಿನಪತ್ರಿಕೆಯ ಸುದ್ದಿಯೊಂದನ್ನು ತಂದು ಅದೇ ಪ್ರಶ್ನೆ ಕೇಳಿದೆವು. ಇಬ್ಬರ ನಡುವೆ ಜಗಳ ಹತ್ತಿತು: 'ಅಲ್ಲಿ ಎಲ್ಲಿ ಹೇಳಿದೆ, ತೋರಿಸು!' ಅರ್ಧ ಗಂಟೆಯಲ್ಲಿ ಕೋಣೆಯಲ್ಲಿದ್ದ ಎಲ್ಲರಿಗೂ ವಿಷಯ ಹತ್ತಿತು. ಕೊರತೆ ಇಂಗ್ಲಿಷಿನದಾಗಿರಲಿಲ್ಲ.

ಬರೆಯುವುದರ ಬಗ್ಗೆ ಬೇಗ ಮುಗಿಸುತ್ತೇವೆ. ಒಂದು ಗಂಟೆಯಲ್ಲಿ ಎರಡು ಬರಹ. ಮೊದಲನೆಯದು 150 ಪದಕ್ಕೆ ಕಡಿಮೆಯಿಲ್ಲದಂತೆ, ಎರಡನೆಯದು 250ಕ್ಕೆ ಕಡಿಮೆಯಿಲ್ಲದಂತೆ. ಎರಡನೆಯದಕ್ಕೆ ಇಮ್ಮಡಿ ತೂಕ. ಆದ್ದರಿಂದ ಮೊದಲನೆಯದರಲ್ಲಿ ಕಾಲ ಕಳೆಯಬಾರದು. ತರಬೇತಿ ಅಂಗಡಿಗಳಲ್ಲಿ ಉರುಹೊಡೆಸುವ ಜರಿಯಂಚಿನ ಆರಂಭದ ವಾಕ್ಯಗಳು ಪರೀಕ್ಷಕರಿಗೆ ದೂರದಿಂದಲೇ ಗುರುತು ಸಿಗುತ್ತವೆ.

ಇನ್ನು ಮಾತನಾಡುವ ಪರೀಕ್ಷೆ. ನಮ್ಮ ಮಾತಿನ ತಿರುಳು ಇಲ್ಲಿದೆ. ಪರೀಕ್ಷಕರೊಡನೆ 11ರಿಂದ 14 ನಿಮಿಷ. ಮೊದಲು ಊರು, ಮನೆ, ಓದು. ಆಮೇಲೆ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಒಬ್ಬರೇ ಮಾತನಾಡಬೇಕು. ಕೊನೆಗೆ ಅದೇ ವಿಷಯ ಹಿಡಿದು 'ಏಕೆ', 'ಹಿಂದೆ ಹೇಗಿತ್ತು', 'ಮುಂದೇನು' ಎಂದು ಕೆದಕುತ್ತಾರೆ. ಉಚ್ಚಾರಣೆ ಸ್ಪಷ್ಟವಿರಬೇಕು, ಆಂಗ್ಲರ ರಾಗ ಬೇಕಿಲ್ಲ. ನಮ್ಮ ನಾಲಿಗೆಯ ಗುರುತು ಇದೆಯೆಂದು ಯಾರೂ ಅಂಕ ಕಳೆಯುವುದಿಲ್ಲ.

ಒಂದು ಭಾನುವಾರ 'ನೀವು ಮೆಚ್ಚುವ ಹಿರಿಯರೊಬ್ಬರ ಬಗ್ಗೆ ಹೇಳಿ' ಎಂಬ ಚೀಟಿ ಕೊಟ್ಟೆವು. ಅಂದು ಬಂದ ಏಳು ಮಕ್ಕಳಲ್ಲಿ ಐವರು ಅಬ್ದುಲ್ ಕಲಾಮರ ಮೇಲೆ ಒಂದೇ ಭಾಷಣ ಒಪ್ಪಿಸಿದರು, ವಾಕ್ಯವೂ ವ್ಯತ್ಯಾಸವಿಲ್ಲದೆ. ಆ ಮಹನೀಯರಿಗೆ ನಮ್ಮ ನಮಸ್ಕಾರ. ಆದರೆ 'ಅವರಿಂದ ನೀನು ಕಲಿತದ್ದೇನು?' ಎಂದು ಕೇಳಿದರೆ ಐವರೂ ಮೌನ. ಕುಂದಾಪುರದ ಕಡೆಯ ಒಬ್ಬ ಹುಡುಗಿಗೆ ಕನ್ನಡದಲ್ಲಿ ಕೇಳಿದೆವು: 'ನಿನ್ನ ಅಜ್ಜಿ ಏನು ಮಾಡುತ್ತಿದ್ದರಮ್ಮ?' ಆಕೆ ಶುರುಮಾಡಿದಳು. ಬೇಸಿಗೆ ರಜೆ, ಹಲಸಿನ ಹಪ್ಪಳ, ಅಂಗಳದಲ್ಲಿ ಹಾಸಿದ ಚಾಪೆ, ಕಾಗೆ ಓಡಿಸಲು ಕೋಲು ಹಿಡಿದು ಕೂತ ತಾನು, ಕಾಗೆಗಿಂತ ಹೆಚ್ಚು ಹಪ್ಪಳ ತಾನೇ ತಿಂದದ್ದು, ಅದು ಗೊತ್ತಿದ್ದೂ ಅಜ್ಜಿ ಕಾಗೆಗೇ ಬೈದದ್ದು. ಐದು ನಿಮಿಷವಾದರೂ ನಿಲ್ಲಲಿಲ್ಲ. 'ಇದನ್ನೇ ಈಗ ಇಂಗ್ಲಿಷಿನಲ್ಲಿ ಹೇಳು' ಎಂದೆವು. ಹಪ್ಪಳಕ್ಕೆ ತಡವರಿಸಿದಳು, ವ್ಯಾಕರಣ ಎರಡು ಕಡೆ ಜಾರಿತು. ಆದರೆ ಮಾತು ನಡೆಯಿತು, ನಾವು ಕೇಳಿಸಿಕೊಂಡೆವು. 'ಅಜ್ಜಿ ಕಾಗೆಗೆ ಯಾಕೆ ಬೈದರು?' ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಯಾವ ಪುಸ್ತಕದಲ್ಲಿಯೂ ಇಲ್ಲ.

ಈಗ ನಮ್ಮ ತಪ್ಪು. ನಾಲ್ಕು ವರ್ಷದ ಹಿಂದೆ ಗದಗಿನ ಕಡೆಯ ಒಂದು ಕುಟುಂಬ ನಮ್ಮ ಬಳಿ ಬಂತು. ಮಗ ಇಂಜಿನಿಯರಿಂಗ್ ಮುಗಿಸಿದ್ದ, ಇಂಗ್ಲೆಂಡಿನಲ್ಲಿ ಓದಬೇಕೆಂದಿದ್ದ. ಕೇಳುವುದರಲ್ಲಿ 7.5, ಓದುವುದರಲ್ಲಿ 7, ಬರೆಯುವುದರಲ್ಲಿ 6, ಮಾತಿನಲ್ಲಿ 5.5. ಸರಾಸರಿ 6.5 ಬಂದಿತ್ತು, ಆದರೆ ಆ ಒಂದು 5.5ರಿಂದ ಬಾಗಿಲು ಮುಚ್ಚಿತ್ತು. ನಾವು ಮೂವರೂ ಒಮ್ಮತದಿಂದ ಕೊಟ್ಟ ಸಲಹೆ ಇದು: ಆರು ತಿಂಗಳು ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷೇ ಆಡಿ, ನೀರಿಗೆ ತಳ್ಳಿದರೆ ಈಜು ತಾನೇ ಬರುತ್ತದೆ. ಪಾಪ, ಅವರು ಅಕ್ಷರಶಃ ಪಾಲಿಸಿದರು.

ಆರು ತಿಂಗಳಾದ ಮೇಲೆ ಹುಡುಗ ಮತ್ತೆ ಕುಳಿತ. ಮಾತಿನಲ್ಲಿ ಮತ್ತೆ 5.5. ಕಾರಣ ತಿಳಿಯಲೆಂದು ಒಂದು ಸಂಜೆ ಅವರ ಮನೆಗೆ ಹೋದೆವು. ತಂದೆಯ ಇಂಗ್ಲಿಷು ಕಚೇರಿಯ ಟಿಪ್ಪಣಿಯ ಇಂಗ್ಲಿಷು, ತಾಯಿಯದು ಅದಕ್ಕಿಂತ ಕಡಿಮೆ. ಆ ಮನೆಯಲ್ಲಿ ಆರು ತಿಂಗಳಿನಿಂದ ನಡೆದಿದ್ದ ಮಾತೆಂದರೆ 'ಫುಡ್ ರೆಡಿ', 'ಯೆಸ್', 'ಕಮಿಂಗ್', 'ಓಕೆ'. ಮೊದಲು ಊಟಕ್ಕೆ ಕೂತರೆ ಮುಕ್ಕಾಲು ಗಂಟೆ ಮಾತಿರುತ್ತಿತ್ತಂತೆ: ಊರ ಹೊಲದ ವ್ಯಾಜ್ಯ, ಕ್ರಿಕೆಟ್ಟು, ಕಚೇರಿಯ ಮೇಲಧಿಕಾರಿಯ ಅವಾಂತರ. ಈಗ ಹತ್ತು ನಿಮಿಷದಲ್ಲಿ ತಟ್ಟೆ ಎತ್ತುತ್ತಿದ್ದರು. ಹುಡುಗನಿಗೆ ಇಂಗ್ಲಿಷು ಹೆಚ್ಚಾಗಲಿಲ್ಲ, ಮಾತೇ ಕಡಿಮೆಯಾಯಿತು. ಪರೀಕ್ಷಕರು 'ಏಕೆ?' ಎಂದಾಗ ಮೂರು ಪದದ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದ. ನಾವೇ ಕಲಿಸಿದ ಅಳತೆ ಅದು.

ಮನೆಯ ಮೂಲೆಯಲ್ಲಿ ಅಜ್ಜಿ ಕುಳಿತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕನ್ನಡ ಬಿಟ್ಟು ಬೇರೆ ಬರದು. ನಾವು ಹೊರಡುವಾಗ ನಮ್ಮಲ್ಲಿದ್ದ ತಾಯಿಯವರ ಕೈ ಹಿಡಿದು ಕೇಳಿದರು: 'ನಾ ಏನ ತಪ್ಪ ಮಾಡೇನಿ? ನನ್ನ ಕೂಡ ಯಾಕ ಯಾರೂ ಮಾತಾಡವಲ್ರು?'

ನಾವು ಉತ್ತರ ಕೊಡಲಿಲ್ಲ. ಮೆಟ್ಟಿಲಿಳಿಯುವಾಗ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮರುದಿನವೇ ಆ ಮನೆಗೆ ಫೋನು ಮಾಡಿ ಸಲಹೆಯನ್ನು ಹಿಂತೆಗೆದುಕೊಂಡೆವು. ಹುಡುಗ ಮೂರನೆಯ ಸಲ ಕುಳಿತಾಗ ಮಾತಿನಲ್ಲಿ 6 ಬಂತು, ಹೋದ. ಅಜ್ಜಿಯೊಡನೆ ಮಾತು ಮರಳಿದ್ದರಿಂದಲೇ ಆ ಅರ್ಧ ಬಂತೆಂದು ನಾವು ಹೇಳೆವು. ನಡುವೆ ಅವನು ನಮ್ಮೊಡನೆ ಹನ್ನೆರಡು ಭಾನುವಾರ ದುಡಿದದ್ದೂ ಉಂಟು. ಆದರೆ ನಮ್ಮ ಸಲಹೆಯಿಂದ ಆ ಮನೆಗೆ ಒಂದು ಕಾಸಿನ ಲಾಭವಾಗಲಿಲ್ಲ, ಅಜ್ಜಿಯ ಆರು ತಿಂಗಳು ಹೋಯಿತು.

'ಹಾಗಾದರೆ ಇಂಗ್ಲಿಷು ಬೇಡವೇ?' ಎಂದು ಯಾರೂ ಕೇಳಬಾರದು. ಬೇಕು, ಚೆನ್ನಾಗಿಯೇ ಬೇಕು. ಕನ್ನಡದಲ್ಲಿ ವಾಕ್ಯ ಕಟ್ಟಿ ಪದಪದ ತಿರುಗಿಸುತ್ತ ಕೂತರೆ ಪರೀಕ್ಷೆಯ ಗಡಿಯಾರ ಕಾಯುವುದಿಲ್ಲ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ಅವರಲ್ಲಿ ನಡುವೆ. ಆ ಹೊರಳು ನಾಲಿಗೆಗೆ ಇಂಗ್ಲಿಷಿನಲ್ಲೇ ಅಭ್ಯಾಸವಾಗಬೇಕು. ಅದಕ್ಕೆ ದಿನಕ್ಕೊಂದು ಗಂಟೆ ಗೊತ್ತುಮಾಡಿ, ಜೊತೆಗಾರರನ್ನು ಹುಡುಕಿ, ತಪ್ಪಾದರೂ ಉದ್ದವಾಗಿ ಮಾತನಾಡಿ. ಉಳಿದ ಹೊತ್ತು ಮನೆ ಮನೆಯಾಗಿರಲಿ. ಗಿರೀಶ ಕಾರ್ನಾಡರು ಇಂಗ್ಲಿಷ್ ಕವಿಯಾಗಬೇಕೆಂದು ಆಸೆಪಟ್ಟವರು. ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯ ದಿನಗಳಲ್ಲಿ ಅವರ ಕೈಯಿಂದ ಬಂದದ್ದು 'ಯಯಾತಿ' ಎಂಬ ಕನ್ನಡ ನಾಟಕ. 1961ರಲ್ಲಿ ಅದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಅದೇ ಕಾರ್ನಾಡರು ಮುಂದೆ ಆಕ್ಸ್‌ಫರ್ಡಿನ ಹೆಸರಾಂತ ಚರ್ಚಾಕೂಟವಾದ ಯೂನಿಯನ್ನಿಗೆ ಅಧ್ಯಕ್ಷರಾದರು. ಎಲ್ಲರೂ ಕಾರ್ನಾಡರಲ್ಲ, ಒಪ್ಪಿದೆವು. ನಮ್ಮ ಮಕ್ಕಳಿಗೆ ಬೇಕಾದದ್ದು ಎರಡು ನಿಮಿಷದ ಮಾತು, ಅಷ್ಟೇ.

ಈಗ ನಮ್ಮ ಕೋಣೆಯ ಕ್ರಮ ಬದಲಾಗಿದೆ. ಚೀಟಿ ಎತ್ತಿದ ಮಗು ಮೊದಲು ಕನ್ನಡದಲ್ಲಿ ಹೇಳುತ್ತದೆ. ಹೇಳಲು ಏನಾದರೂ ಇದೆಯೇ ಎಂಬುದು ಆಗ ಗೊತ್ತಾಗುತ್ತದೆ. ಆಮೇಲೆ ಚೀಟಿ ಬದಲಿಸಿ, ಕನ್ನಡದ ನೆರವಿಲ್ಲದೆ, ಗಡಿಯಾರವಿಟ್ಟು ಇಂಗ್ಲಿಷು. ಕನ್ನಡ ಬಾರದೆ ಬೆಳೆದ ನಮ್ಮವರ ಮಕ್ಕಳೂ ಬರುತ್ತಾರೆ. ಅವರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳುತ್ತಾರೆ, ನಾವು ಕೇಳುತ್ತೇವೆ. ಅವರಲ್ಲಿ ಇಬ್ಬರು ಸಂಘದ ಕನ್ನಡ ಅಕ್ಷರಮಾಲೆಯ ತರಗತಿಗೂ ಹೆಸರು ಬರೆಸಿದ್ದಾರೆಂದು ಕಾರ್ಯದರ್ಶಿಗಳು ಮೊನ್ನೆ ಹೇಳಿದರು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದಿರುತ್ತದೆ. ಶುಲ್ಕವಿಲ್ಲ, ಪೆನ್ಸಿಲು ನಿಮ್ಮದು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಮಾತ್ರ ಕೂರಬೇಡಿ. ಗದಗಿನ ಅಜ್ಜಿ ಈಗ ವಾರವಾರವೂ ಬರುತ್ತಾರೆ, ಅದು ಅವರ ಜಾಗ. ಮಕ್ಕಳು ಕನ್ನಡದಲ್ಲಿ ಹೇಳುವ ಸರದಿ ಬಂದಾಗ ಅವರಿಗೇ ಎದುರಾಗಿ ಕೂತು ಹೇಳಬೇಕು. ಒಂದೊಂದು ಮಾತಿಗೂ ಅವರು 'ಯಾಕ?' ಎಂದು ಕೇಳುತ್ತಾರೆ. ಉತ್ತರ ಸರಿಬೀಳುವವರೆಗೆ ಬಿಡುವುದಿಲ್ಲ.