ಊರಿಲ್ಲದ ಊರಿನ ಪ್ರತಿನಿಧಿಗಳು

ಊರೇ ಇಲ್ಲದ ಕಡೆ ಚುನಾವಣೆ ನಡೆದೀತೇ ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ ಅದು ಶತಮಾನಗಟ್ಟಲೆ ನಡೆಯಿತು.

ವಿಲ್ಟ್‌ಷೈರ್ ಪ್ರಾಂತದ ಓಲ್ಡ್ ಸೇರಮ್ ದಿಬ್ಬದ ಮೇಲಿನ ಕೋಟೆಯೂರು. ನೀರಿನ ಅಭಾವ, ಗಾಳಿಯ ಕಾಟ, ಕೋಟೆಯ ಸೈನಿಕರೊಡನೆ ಕಲಹ. ಇವುಗಳಿಂದ ಬೇಸತ್ತ ಪಾದ್ರಿಗಳು 1220ನೆಯ ಇಸವಿಯಲ್ಲಿ ಕೆಳಗಿನ ಬಯಲಿನಲ್ಲಿ ಹೊಸ ಚರ್ಚಿಗೆ ಅಡಿಗಲ್ಲಿಟ್ಟರು. ಜನರೂ ಕ್ರಮೇಣ ಅವರ ಹಿಂದೆಯೇ ಇಳಿದರು. ಅದೇ ಇಂದಿನ ಸಾಲ್ಸ್‌ಬರಿ. ದಿಬ್ಬದಲ್ಲಿ ಉಳಿದುದು ಹುಲ್ಲು, ಹಾಳುಗೋಡೆ. ಹಾಗಿದ್ದರೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುವ ಹಕ್ಕು ಆ ನೆಲಕ್ಕೇ ಅಂಟಿಕೊಂಡಿತ್ತು.

ನೆಲವನ್ನು ಕೊಂಡವನಿಗೆ ಸ್ಥಾನಗಳೂ ದಕ್ಕಿದಂತೆಯೇ. ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಪಿಟ್ 1691ರಲ್ಲಿ ಅದನ್ನು ಕೊಂಡ. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಅಲ್ಲಿಂದಲೇ ಪಾರ್ಲಿಮೆಂಟನ್ನು ಹೊಕ್ಕು, ಕಾಲಾನಂತರ ಪ್ರಧಾನಿಯಾದ.

1831ರಲ್ಲಿ ಮತದಾರರು 11 ಮಂದಿ. ಅವರೂ ಬೇರೆ ಕಡೆ ವಾಸವಾಗಿದ್ದವರು. ಲಕ್ಷಕ್ಕೂ ಮಿಕ್ಕಿ ಜನರಿದ್ದ ಮ್ಯಾಂಚೆಸ್ಟರಿಗಾದರೋ ಸ್ವಂತ ಸದಸ್ಯನೊಬ್ಬನೂ ಇರಲಿಲ್ಲ! 1832ರ ಸುಧಾರಣಾ ಶಾಸನವು ಓಲ್ಡ್ ಸೇರಮ್ ಕ್ಷೇತ್ರವನ್ನು ತೊಡೆದುಹಾಕಿ, ಮ್ಯಾಂಚೆಸ್ಟರಿಗೆ ಎರಡು ಸ್ಥಾನ ಕೊಟ್ಟಿತು.

ಜನ ವಲಸೆ ಹೋಗುತ್ತಾರೆ. ಕ್ಷೇತ್ರದ ಗಡಿ ತಾನಾಗಿ ಅವರ ಹಿಂದೆ ನಡೆಯದು. ಕ್ಷೇತ್ರಗಳ ಮರುವಿಂಗಡಣೆಯ ವಾರ್ತೆ ನಿಮ್ಮ ಕಿವಿಗೆ ಬಿದ್ದಾಗ ಆ ಬರಿದಾದ ದಿಬ್ಬವನ್ನೊಮ್ಮೆ ನೆನೆಯಿರಿ.